ನಾಲ್ಕು ಬಾಗಿಲಿನ ಬ್ಯೂಕ್

ಕಾರು ಕಾರ್ಖಾನೆಗಳ ಊರಾದ ಫ್ಲಿಂಟ್‌ನ ಹಳೇ ಕಾರುಗಳ ಹುಚ್ಚರಲ್ಲಿ ನಾಲ್ಕು ಬಾಗಿಲಿನ ಕಾರಿಗೆ ಮರ್ಯಾದೆಯೇ ಇಲ್ಲ. ಎರಡು ಬಾಗಿಲಿನದಾದರೆ ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ. ನಾಲ್ಕು ಬಾಗಿಲಿನದನ್ನು ಬಿಚ್ಚಿ, ಬೇಕಾದ ಭಾಗಗಳನ್ನು ಎರಡು ಬಾಗಿಲಿನದಕ್ಕೆ ಜೋಡಿಸಿ, ಉಳಿದದ್ದನ್ನು ಗುಜರಿಗೆ ತಳ್ಳುತ್ತಾರೆ. ಈ ರೂಢಿಗೆ ಸೊಪ್ಪು ಹಾಕದವಳು ಆರ್ಡಿತ್ ನೊವಾಕ್ ಒಬ್ಬಳೇ.

ಹರೆಯದಲ್ಲಿ ಕಾರ್ಖಾನೆಯಲ್ಲಿ ಸೀಟು ಹೊಲಿದು, ಆ ದುಡಿಮೆಯಲ್ಲೇ ಐವತ್ತೊಂಬತ್ತನೇ ಇಸವಿಯ, ನಾಲ್ಕು ಬಾಗಿಲಿನ ತಿಳಿಹಸಿರು ಬ್ಯೂಕ್ ಕಾರು ಕೊಂಡವಳು. ಮದುವೆ ಮುರಿಯಿತು, ಮನೆ ಬದಲಾಯಿತು, ಕಾರು ಮಾತ್ರ ಉಳಿಯಿತು. ಅದರ ಅಂದದ ವಿಷಯದಲ್ಲಿ ಅವಳು ಯಾರ ಮಾತನ್ನೂ ಕೇಳಳು. ಮುಂದಿನ ಓರೆ ದೀಪಗಳ ಮೇಲೆ ಹುಟ್ಟಿದ ಗೆರೆ ಹಿಂದಿನ ರೆಕ್ಕೆಯಂಥ ಅಂಚಿನವರೆಗೂ ಹರಿಯುತ್ತದಲ್ಲ, ಅಷ್ಟುದ್ದದ ಮೈಗೆ ಆರು ಕಿಟಕಿಗಳ ಮೇಲೆ ಚಾಚಿದ ಉದ್ದ ಚಾವಣಿಯೇ ಒಪ್ಪುವುದು. ಎರಡು ಬಾಗಿಲಿನದು ಬರೀ ಬಾಲವೇ, ತಲೆಯೇ ಇಲ್ಲ ಎನ್ನುತ್ತಿದ್ದಳು. ಅದೂ ತಂಗಿಯ ಗಂಡ ಡುವೇನ್‌ನ ಎದುರಿಗೇ! ಅವನ ಬಳಿ ಇದ್ದದ್ದು ಅದೇ ವರ್ಷದ ಎರಡು ಬಾಗಿಲಿನದು.

ಒಂದು ಬೇಸಿಗೆಯಲ್ಲಿ ಡುವೇನ್‌ನ ಕಾರಿಗೆ ಜಿಂಕೆ ಬಡಿದು ಮೂತಿ ನಜ್ಜುಗುಜ್ಜಾಯಿತು. ಎರಡೂ ಕಾರುಗಳ ಮೂತಿ ಒಂದೇ ಅಚ್ಚಿನದು. ಊರಿನ ಹಳೇ ಕಾರುಗಳ ಕ್ಲಬ್ಬಿನವರೆಲ್ಲ ಸೇರಿ ಆರ್ಡಿತ್‌ಳದ್ದನ್ನು ಬಿಚ್ಚುವುದೇ ಸರಿ ಎಂದು ತೀರ್ಮಾನಿಸಿಬಿಟ್ಟರು, ಅವಳನ್ನು ಕೇಳಲೂ ಇಲ್ಲ. ಶನಿವಾರ ಬೆಳಿಗ್ಗೆ ಡುವೇನ್ ಪಾನಾ ಹಿಡಿದು, ಅಕ್ಕನನ್ನು ಒಪ್ಪಿಸಲೆಂದು ಹೆಂಡತಿ ಲವೋನ್‌ಳನ್ನೂ ಕರೆದುಕೊಂಡು ಬಂದ. ಆರ್ಡಿತ್ ಆಗಲೇ ಸ್ಟೇರಿಂಗ್ ಹಿಡಿದು ಕೂತಿದ್ದಳು.

"ಇಳಿಯೇ ಆರ್ಡಿತ್. ಇದು ಅಜ್ಜಿ ಕಾರು ಕಣೇ. ಯಾರು ತಿರುಗಿ ನೋಡ್ತಾರೆ?" ಎಂದ ಡುವೇನ್.

"ನಾನು ನೋಡ್ತೀನಿ. ನಿಲ್ಲಿಸಿ ಹೋಗೋವಾಗ ಪ್ರತಿ ಸಲ ತಿರುಗಿ ನೋಡ್ತೀನಿ."

"ಮೂತಿ ಒಂದು ಕೊಡು, ಸಾಕು."

"ನಿನ್ ಮೂತಿ ಒಡೆದ್ರೆ ನನ್ ಮೂತಿ ಕಿತ್ಕೊಡ್ಬೇಕಾ? ಹೋಗಿ ಆ ಜಿಂಕೇನ ಕೇಳು, ಮಾರಾಯ."

ಡುವೇನ್ ನಕ್ಕು, ಬಂಪರಿನ ಬಳಿ ಮಂಡಿಯೂರಿದ. ಆರ್ಡಿತ್ ಸ್ಟೇರಿಂಗನ್ನು ಇನ್ನೂ ಬಿಗಿಯಾಗಿ ಹಿಡಿದಳು. ಇದೂ ಹೋದರೆ ತನ್ನದೆನ್ನಲು ಇನ್ನೇನೂ ಉಳಿಯುವುದಿಲ್ಲ. ಅವಳು ಕೂತಲ್ಲಿಂದ ಕದಲಲಿಲ್ಲ.

ಅಷ್ಟರಲ್ಲಿ ಲವೋನ್ ಕುಂಟುತ್ತ ಬಂದು, ಹಿಂದಿನ ಬಾಗಿಲು ತೆಗೆದು, ಆರಾಮಾಗಿ ಕಾಲು ನೀಡಿ ಕೂತುಬಿಟ್ಟಳು.

"ಅಲ್ಲೇನೇ ಮಾಡ್ತಿದ್ದೀಯ?" ಎಂದ ಡುವೇನ್.

"ಕೂತಿದ್ದೀನಿ, ಮನುಷ್ಯರ ಹಾಗೆ! ನಿನ್ ಚೆಂದದ ಕಾರಲ್ಲಿ ನಿನ್ ಗೆಳೆಯರು ಯಾರಾದ್ರೂ ಮುಂದೆ ಕೂರ್ತಾರೆ. ನಾನು ಮುಂದಿನ ಸೀಟು ಮಡಚಿ, ನನ್ನನ್ನೂ ಮಡಚ್ಕೊಂಡು ಹಿಂದೆ ತೂರ್ಬೇಕು. ಒಂದಿನಾನಾದ್ರೂ ಕೇಳಿದ್ಯಾ, ನಿನ್ ಮಂಡಿ ನೋವು ಹೇಗಿದೆ ಅಂತ? ಈ ಕಾರಿನ ಒಂದು ಬೋಲ್ಟು ಮುಟ್ಟು ನೋಡೋಣ. ಆರ್ಡಿತ್, ನಡಿ, ಎಲ್ಲಾದ್ರೂ ಹಾಟ್‌ಡಾಗ್ ತಿನ್ನೋಣ."

ಆರ್ಡಿತ್ ಕೀಲಿ ತಿರುಗಿಸಿದಳು. ಡುವೇನ್ ಒಮ್ಮೆ ಕಾರನ್ನು, ಒಮ್ಮೆ ಹೆಂಡತಿಯನ್ನು ನೋಡಿದ. ಪಾನಾವನ್ನು ಹುಲ್ಲಿನ ಮೇಲಿಟ್ಟು, ಕೈ ಒರೆಸಿಕೊಂಡು ಮುಂದಿನ ಬಾಗಿಲಿಗೆ ಕೈ ಹಾಕಿದ.

ಆರ್ಡಿತ್ ಒಳಗಿಂದ ಚಿಲಕ ಒತ್ತಿದಳು.

"ಹಿಂದೆ ಹೋಗು," ಎಂದಳು. "ಅಲ್ಲೂ ನಿನಗೊಂದು ಬಾಗಿಲಿದೆ."