ಒಪ್ಪಿದವರ ಪಟ್ಟಿಯಲ್ಲಿ ನನ್ನ ಹೆಸರು

ಕೊರೊನಾ ಗಲಾಟೆ ಮುಗಿದು ಎರಡು ವರ್ಷವಾಗಿತ್ತು. ಸೇಡಂ ಸುತ್ತಮುತ್ತ ತೊಗರಿ ಕೊಯ್ಲು ನಡೆದಿತ್ತು. ಬೇರೆಯವರಿಗೆ ಅದು ಸುಗ್ಗಿ, ನನಗೆ ಹಾವು ಕಡಿತದ ಕಾಲ. ಊರಲ್ಲಿ ನನ್ನದೊಂದು ಹನ್ನೆರಡು ಹಾಸಿಗೆಯ ಆಸ್ಪತ್ರೆ ಇದೆ. ಹಾವು ಕಚ್ಚಿಸಿಕೊಂಡವರನ್ನು ಹೊತ್ತು ಎಷ್ಟೋ ಹಳ್ಳಿಯವರು ನೇರವಾಗಿ ನನ್ನ ಬಾಗಿಲಿಗೆ ಬರುತ್ತಾರೆ. ಈ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಹೇಳಿಕೊಳ್ಳುವುದರಲ್ಲಿ ನನಗೇನೂ ನಾಚಿಕೆಯಿಲ್ಲ.

ಆದರೂ ವೈದ್ಯರಿಗೂ ಒಬ್ಬ ವೈದ್ಯರು ಬೇಕಾಗುತ್ತಾರೆ. ಅದಕ್ಕೇ ಹಾವು ಕಡಿತಕ್ಕೆ ಚಿಕಿತ್ಸೆ ಕೊಡುವ ವೈದ್ಯರ ಒಂದು ಅಂತಾರಾಷ್ಟ್ರೀಯ ಸಂಘದ ಸದಸ್ಯೆಯಾಗಿದ್ದೆ. ಹತ್ತಾರು ದೇಶಗಳ ವೈದ್ಯರು ಅದರಲ್ಲಿದ್ದರು. ಅವರ ಪತ್ರಿಕೆ, ಸಮ್ಮೇಳನ ಇವುಗಳಿಂದ ನನಗೆ ಅಷ್ಟೇನೂ ಆಗಬೇಕಾಗಿರಲಿಲ್ಲ. ಆಗಬೇಕಾದದ್ದು ಒಂದೇ, ಅವರ ಸಲಹಾ ಫೋನು. ಸದಸ್ಯರು ಯಾವ ಹೊತ್ತಿನಲ್ಲಿ ಫೋನ್ ಮಾಡಿದರೂ ಆ ಕಡೆ ಒಬ್ಬ ಅನುಭವಿ ವೈದ್ಯರು ಎತ್ತಿಕೊಳ್ಳುತ್ತಿದ್ದರು. ನಾಲ್ಕೈದು ಸಲ ನನ್ನ ರೋಗಿಗಳ ಪ್ರಾಣ ಉಳಿದದ್ದು ಆ ಫೋನಿನಿಂದ.

ಇಲ್ಲಿ ನಮ್ಮ ತಂದೆಯವರ ವಿಷಯ ಸ್ವಲ್ಪ ಹೇಳಬೇಕು. ಅವರು ಚಿತ್ತಾಪುರದ ತಹಶೀಲ್ ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದರು. ಬೆಳಗಿನ ಸಂಧ್ಯಾವಂದನೆ ತಪ್ಪಿದರೂ ತಪ್ಪೀತು, ಬಂದ ಕಾಗದಕ್ಕೆ ಅದೇ ದಿನ ‘ತಲುಪಿದೆ’ ಎಂದು ಉತ್ತರ ಬರೆಯುವುದು ತಪ್ಪುತ್ತಿರಲಿಲ್ಲ. ಕಾಗದ ಕಳಿಸಿದವನನ್ನು ಕಾಯಿಸುವುದು ಅಮರ್ಯಾದೆ ಎಂದು ಮನೆಯಲ್ಲಿ ನಮಗೂ ಅದನ್ನೇ ಕಲಿಸಿದ್ದರು. ಹಾಗಾಗಿ ಸಂಘದಿಂದ ಇಮೇಲ್ ಬಂದ ಕೂಡಲೇ ನಾನು ‘ತಲುಪಿತು, ಧನ್ಯವಾದಗಳು’ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಕಳಿಸುತ್ತಿದ್ದೆ. ಓದುವುದು ಬೇರೆ ಮಾತು. ದಿನ ಬಿಟ್ಟು ದಿನ ಇಮೇಲ್, ಪ್ರತಿಯೊಂದರ ತಲೆಯ ಮೇಲೂ ‘ಅತಿ ಮುಖ್ಯ’, ಒಳಗೆ ವಕೀಲರು ಬರೆದಂಥ ಇಂಗ್ಲಿಷಿನ ಎಂಟೆಂಟು ಪುಟ. ಎಲ್ಲವೂ ಅತಿ ಮುಖ್ಯವಾದರೆ ಯಾವುದನ್ನು ಓದುವುದು? ನಾನು ಯಾವುದನ್ನೂ ಓದುತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಕುರಕುಂಟಾದಿಂದ ಮಾಣಿಕಮ್ಮ ಎಂಬ ನಲವತ್ತರ ಹೆಂಗಸನ್ನು ಕರೆತಂದರು. ತೊಗರಿ ಕೊಯ್ಯುವಾಗ ಕೊಳಕುಮಂಡಲ ಹಾವು ಕಚ್ಚಿತ್ತು. ಬಂದ ತಕ್ಷಣ ವಿಷಕ್ಕೆ ಮದ್ದು ಶುರು ಮಾಡಿದೆ. ಇಂಥ ರೋಗಿಯ ರಕ್ತವನ್ನು ಗಾಜಿನ ಕೊಳವೆಯಲ್ಲಿ ಇಪ್ಪತ್ತು ನಿಮಿಷ ಇಟ್ಟು ಹೆಪ್ಪುಗಟ್ಟುತ್ತದೆಯೋ ಇಲ್ಲವೋ ನೋಡುತ್ತೇವೆ. ಆರು ತಾಸಿನ ಮೇಲೆ ನೋಡಿದರೂ ಅವಳ ರಕ್ತ ನೀರಾಗಿಯೇ ಇತ್ತು. ವಸಡಿನಿಂದ ರಕ್ತ ಬರುತ್ತಿತ್ತು, ಮೂತ್ರ ಕಡಿಮೆಯಾಗಿತ್ತು. ಇಲ್ಲೇ ಇಟ್ಟುಕೊಳ್ಳಬೇಕೋ, ಆ ಸ್ಥಿತಿಯಲ್ಲೇ ಒಂದು ತಾಸಿನ ದಾರಿ ಕಲಬುರಗಿಗೆ ಕಳಿಸಬೇಕೋ ಎಂದು ನನಗೆ ತೀರ್ಮಾನವಾಗಲಿಲ್ಲ. ಸಲಹಾ ಫೋನಿಗೆ ಹಚ್ಚಿದೆ.

ಆ ಕಡೆ ಮನುಷ್ಯರ ಬದಲು ರೆಕಾರ್ಡ್ ಮಾಡಿದ ದನಿ ಕೇಳಿಸಿತು. ಸದಸ್ಯರ ಒಪ್ಪಿಗೆಯ ಮೇರೆಗೆ ಈ ಸೇವೆಯನ್ನು ನಿಲ್ಲಿಸಲಾಗಿದೆ, ವೆಬ್‌ಸೈಟಿನಲ್ಲಿ ಅರ್ಜಿ ತುಂಬಿದರೆ ಎರಡು ದಿನದೊಳಗೆ ಉತ್ತರ ಬರುತ್ತದೆ ಎಂದು ಅದು ಹೇಳಿತು. ಎರಡು ದಿನ! ಆ ಕ್ಷಣದ ಸಿಟ್ಟು ಈಗಲೂ ನನ್ನ ಮೈಯಲ್ಲಿದೆ. ಆದರೆ ಸಿಟ್ಟು ಮಾಡಿಕೊಂಡು ಕೂರುವ ಹೊತ್ತಲ್ಲ ಅದು. ಎರಡನೇ ಸುತ್ತಿನ ಮದ್ದಿನ ಡ್ರಿಪ್ ಹಚ್ಚಿ, ನಮ್ಮ ಹಿರಿಯ ನರ್ಸ್ ಸುಜಾತಾ ಅವರನ್ನು ಜೊತೆಗೆ ಕೊಟ್ಟು, ದೇವರ ಮೇಲೆ ಭಾರ ಹಾಕಿ ಕಲಬುರಗಿಗೆ ಕಳಿಸಿದೆ. ಮಾಣಿಕಮ್ಮ ಗಟ್ಟಿ ಜೀವ. ಮೂರು ಸಲ ಡಯಾಲಿಸಿಸ್ ಆಯಿತು. ಹದಿನೈದು ದಿನದ ಮೇಲೆ ನಡೆದುಕೊಂಡೇ ಮನೆಗೆ ಹೋದಳು.

ಅವಳು ಪಾರಾದಳೆಂದು ತಿಳಿದ ದಿನವೇ ಕೂತು ಸಂಘದ ಕಾರ್ಯದರ್ಶಿಗೆ ಖಾರವಾಗಿ ಒಂದು ಪತ್ರ ಬರೆದೆ. ಹೊಲದ ಬದುವನ್ನೇ ಕಾಣದ ಯಾವ ಮಹಾನುಭಾವರು ಇದಕ್ಕೆ ಒಪ್ಪಿಗೆ ಕೊಟ್ಟರು, ಅವರ ಹೆಸರು ನನಗೆ ಬೇಕು ಎಂದು ಕೇಳಿದೆ. ಮರುದಿನವೇ ಪಟ್ಟಿ ಬಂತು. ಆಹಾ, ಇವರಿಗೂ ಕೂಡಲೇ ಉತ್ತರ ಬರೆಯಲು ಬರುತ್ತದಲ್ಲ ಎಂದುಕೊಳ್ಳುತ್ತ ಹೆಸರುಗಳ ಮೇಲೆ ಕಣ್ಣಾಡಿಸಿದೆ. ಒಪ್ಪಿದವರ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು.

ಫೋನು ಮುಚ್ಚುವ ನಿರ್ಣಯದ ಹಳೆಯ ಇಮೇಲ್ ಹುಡುಕಿ ತೆಗೆದು ಓದಿದೆ. ಅದಕ್ಕೂ ನಾನು ಎಂದಿನಂತೆ ‘ತಲುಪಿತು’ ಎಂದು ಬರೆದಿದ್ದೆ. ಏಳನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ನಿಯಮ ಇತ್ತು. ಅರ್ಧದಷ್ಟು ಸದಸ್ಯರು ಉತ್ತರ ಬರೆದರೆ ಮತದಾನ ಸಿಂಧುವಾದಂತೆ. ಉತ್ತರ ಬರೆದು, ಅದರಲ್ಲಿ ಬೇಡ ಎಂದು ಹೇಳದವರೆಲ್ಲ ಒಪ್ಪಿದಂತೆ. ಇಮೇಲ್ ತೆರೆಯದೇ ಬಿಟ್ಟವರು ಲೆಕ್ಕಕ್ಕೇ ಇಲ್ಲ, ಮರ್ಯಾದೆಗೆ ‘ತಲುಪಿತು’ ಅಂದವರು ಸಿಕ್ಕಿಬಿದ್ದಿದ್ದೆವು. ಮೌನಂ ಸಮ್ಮತಿ ಲಕ್ಷಣಂ ಎಂದು ನಮ್ಮ ಕಡೆ ಮದುವೆ ಹುಡುಗಿಯ ವಿಷಯದಲ್ಲಿ ಹೇಳುವುದನ್ನು ಕೇಳಿದ್ದೆ, ದೊಡ್ಡ ದೊಡ್ಡ ಡಾಕ್ಟರರೂ ಅದನ್ನೇ ನಂಬಿದ್ದಾರೆಂದು ಅವತ್ತು ಗೊತ್ತಾಯಿತು. ನಗು ಬಂತು. ಮರುಗಳಿಗೆಗೆ ಹೊಳೆಯಿತು: ಮಾಣಿಕಮ್ಮನಿಗಾಗಿ ನಾನು ಹಚ್ಚಿದ ಫೋನನ್ನು ನಾನೇ ಮುಚ್ಚಿಸಿದ್ದೆ.

ಸುಜಾತಾ ಸಿಸ್ಟರ್‌ಗೆ ಎಲ್ಲ ಹೇಳಿಕೊಂಡೆ. ಸಮಾಧಾನ ಮಾಡುತ್ತಾರೇನೋ ಎಂದುಕೊಂಡಿದ್ದೆ. ಅವರು ಇಂಜೆಕ್ಷನ್ ಟ್ರೇ ಒರೆಸುತ್ತಲೇ ಹೇಳಿದರು: “ಮೇಡಂ, ಗುಳಿಗಿ ಹ್ಯಾಂಗ ತಗೋಬೇಕಂತ ಪೇಷಂಟಿಗಿ ಹೇಳ್ತೀವಿ. ಹೂಂ ಅಂದ್ರ ಬಿಡ್ತೀವೇನ್ರಿ? ನೀ ತಿರುಗಿ ಹೇಳು ಅಂತೀವಿ. ಅವ್ರೂ ಹಂಗೇ ಕೇಳಬೇಕಾಗಿತ್ತಲ್ಲ.”

ಅಷ್ಟು ಸಾಕಾಯಿತು ನನಗೆ. ಸಂಘದ ವಾರ್ಷಿಕ ಸಭೆ ಮುಂದಿನ ತಿಂಗಳಿತ್ತು, ಕಂಪ್ಯೂಟರಿನಲ್ಲೇ ನಡೆಯುವ ಸಭೆ. ಸಲಹಾ ಫೋನಿನ ವಿಷಯ ಮಾತಾಡಬೇಕು ಎಂದು ಮೊದಲೇ ಹೆಸರು ಕೊಟ್ಟೆ. ಎರಡು ನಿಮಿಷ ಕೊಟ್ಟರು. ಪ್ರತಿ ವರ್ಷ ಆ ಸಭೆಯಲ್ಲಿ ಹಿರಿಯ ಪ್ರೊಫೆಸರುಗಳು ಮಾತಾಡುತ್ತಾರೆ, ನಮ್ಮಂಥ ಸಣ್ಣ ಊರಿನವರು ಮೈಕು ಬಂದ್ ಮಾಡಿಕೊಂಡು ಕೇಳುತ್ತೇವೆ. ಹಿರಿಯರ ಎದುರು ಬಾಯಿ ಹಾಕಬಾರದು ಎಂಬುದು ನನ್ನ ರಕ್ತದಲ್ಲೂ ಇತ್ತು. ಅವತ್ತು ಮಧ್ಯಾಹ್ನ ಹೊರರೋಗಿಗಳನ್ನು ಬೇಗ ಮುಗಿಸಿ, ಬಾಗಿಲು ಹಾಕಿಕೊಂಡು ಕೂತೆ.

ನನ್ನ ಸರದಿ ಬಂದಾಗ ಮೊದಲು ನನ್ನ ತಪ್ಪನ್ನೇ ಹೇಳಿದೆ. ಈ ಫೋನು ಮುಚ್ಚಲು ಒಪ್ಪಿದವಳು ನಾನು, ಆದರೆ ನಿರ್ಣಯವನ್ನು ನಾನು ಓದಿಯೇ ಇರಲಿಲ್ಲ, ಓದದೆ ಉತ್ತರಿಸಿದ್ದು ನನ್ನ ತಪ್ಪು ಎಂದೆ. ಮಾಣಿಕಮ್ಮನ ಕಥೆ ಹೇಳಿದೆ. ನನ್ನ ಇಂಗ್ಲಿಷು ಅಲ್ಲಲ್ಲಿ ಎಡವಿತು, ನಾನು ನಿಲ್ಲಲಿಲ್ಲ. ಕಾರ್ಯದರ್ಶಿಗಳು ನಡುವೆ ಬಾಯಿ ಹಾಕಿ, ನಿಯಮ ಏಳನೇ ಪುಟದಲ್ಲಿ ಸ್ಪಷ್ಟವಾಗಿದೆ ಎಂದರು. ನನಗೆ ರೇಗಿತು. “ಸರ್, ರೋಗಿಗೆ ಮಾತು ಅರ್ಥವಾಗಿಲ್ಲ ಅಂದರೆ ಚೀಟಿಯಲ್ಲಿ ಬರೆದಿದ್ದೆ ಅಂತ ನಾವು ಕೈತೊಳೆದುಕೊಳ್ಳುತ್ತೇವೆಯೇ? ಸದಸ್ಯರಿಗೆ ಮಾತ್ರ ಯಾಕೆ ಹಾಗೆ?” ಎಂದು ಕೇಳಿದೆ.

ಆಮೇಲೆ, ನನ್ನ ಹಾಗೆ ಬರೀ ‘ತಲುಪಿತು’ ಎಂದು ಬರೆದವರು ಇನ್ನು ಯಾರಾದರೂ ಇದ್ದರೆ ಕೈ ಎತ್ತಿ ಎಂದೆ. ಯಾರೂ ಎತ್ತಲಿಲ್ಲ. ನೆಲ ಬಿರಿದು ಒಳಗೆ ಹೋದರೆ ಸಾಕು ಅನಿಸಿತು. ಹೇಳಿದ್ದು ಹೇಳಿಯಾಗಿದೆ, ಹಿಂದೆ ತೆಗೆದುಕೊಳ್ಳುವಂತಿಲ್ಲ. ಅಷ್ಟರಲ್ಲಿ ನೇಪಾಳದ ಒಬ್ಬ ವೈದ್ಯರ ಕೈ ಕಾಣಿಸಿತು. ಹಿಂದೆಯೇ ಕೀನ್ಯಾದವರದು, ಶ್ರೀಲಂಕಾದ ಇಬ್ಬರದು. ನೋಡನೋಡುತ್ತ ಪರದೆಯ ತುಂಬ ಕೈಗಳಾದವು. ಎಲ್ಲರೂ ಸಣ್ಣ ಊರಿನವರು, ಎಲ್ಲರೂ ಮರ್ಯಾದಸ್ಥರು.

ಅಧ್ಯಕ್ಷರು ಮಾರ್ಗರೆಟ್ ಎಂಬ ಹಿರಿಯ ವೈದ್ಯೆ. ಅವರು ಕನ್ನಡಕ ತೆಗೆದಿಟ್ಟು, ಎತ್ತಿದ ಕೈಗಳನ್ನು ಒಂದೊಂದಾಗಿ ಎಣಿಸಿದರು. ಇಷ್ಟು ಜನ ಒಪ್ಪಿಯೇ ಇಲ್ಲವೆಂದಾದರೆ ಆ ನಿರ್ಣಯ ಪಾಸೇ ಆಗಿಲ್ಲ, ಹೊಸದಾಗಿ ಮತ ಹಾಕೋಣ ಎಂದರು. ಕಾರ್ಯದರ್ಶಿಗಳ ಮುಖ ಗಂಟಾಯಿತು, ಆಗಲಿ ಬಿಡಿ. ಎರಡು ವಾರದಲ್ಲಿ ಮತದಾನವಾಯಿತು. ಈ ಸಲ ಒಂದೇ ಪುಟದ ಪತ್ರ, ಕೆಳಗೆ ಬೇಕು ಮತ್ತು ಬೇಡ ಎಂಬ ಎರಡೇ ಚೌಕ. ಎರಡರಲ್ಲಿ ಒಂದನ್ನು ಒತ್ತದೆ ಯಾರ ಉತ್ತರವನ್ನೂ ಮತವೆಂದು ಎಣಿಸುವಂತಿಲ್ಲ ಎಂದು ನಿಯಮವನ್ನೂ ಬದಲಿಸಿದರು. ಫೋನು ಬೇಕು ಎಂದವರೇ ಹೆಚ್ಚಾದರು, ಅದು ಮತ್ತೆ ಶುರುವಾಯಿತು. ಸದಸ್ಯರಿಗೆ ಹೋಗುವ ಪತ್ರಗಳನ್ನು ಸರಳವಾಗಿ ಬರೆಯುವ ಸಮಿತಿಗೆ ನನ್ನನ್ನೇ ಹಾಕಿದರು. ಬಾಯಿ ಮಾಡಿದವಳ ತಲೆಗೇ ಕೆಲಸ ಕಟ್ಟುವುದು ಎಲ್ಲ ದೇಶದಲ್ಲೂ ಒಂದೇ ಅಂತ ಕಾಣುತ್ತದೆ.

ನನಗೆ ಹೆಮ್ಮೆಯೋ ಹೆಮ್ಮೆ. ಸೇಡಂನಲ್ಲಿ ಕೂತು ಜಗತ್ತಿನ ಸಂಘವನ್ನು ತಿದ್ದಿದೆ ಎಂದು ಆಸ್ಪತ್ರೆಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಆ ವಾರವೇ ಮಾಣಿಕಮ್ಮ ತಪಾಸಣೆಗೆ ಬಂದಳು. ಕಂಕುಳಲ್ಲಿ ಹಸಿ ಕಡಲೆ ಗಿಡದ ಒಂದು ಕಟ್ಟು ತಂದಿದ್ದಳು. ರಕ್ತ ಸರಿಯಿತ್ತು, ಮೂತ್ರ ಸರಿಯಿತ್ತು. ಅವಳಿಗೂ ಎಲ್ಲ ಹೇಳಬೇಕೆನಿಸಿತು. ನಿನಗೆ ಹಾವು ಕಡಿದ ದಿನ ದೊಡ್ಡ ಡಾಕ್ಟರರಿಗೆ ಫೋನ್ ಮಾಡಿದ್ದೆ, ಹತ್ತಲಿಲ್ಲ, ಆ ಫೋನು ಮುಚ್ಚುವ ಕಾಗದವನ್ನು ಓದದೆ ಉತ್ತರ ಬರೆದವರಲ್ಲಿ ನಾನೂ ಒಬ್ಬಳು ಎಂದು ಹೇಳಿ, ಆಮೇಲೆ ಅದನ್ನು ಹೇಗೆ ತೆರೆಸಿದೆ ಎಂಬುದನ್ನೂ ಹೇಳಿದೆ. ಭೇಷ್ ಅನ್ನುತ್ತಾಳೆ ಎಂದೇ ನನ್ನ ಎಣಿಕೆ.

ಮಾಣಿಕಮ್ಮ ಕಡಲೆ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ ಹಾಗಿತ್ತು.

“ನಂಗ ಓದಲಿಕ್ಕಿ ಬರಂಗಿಲ್ಲರಿ ಡಾಕ್ಟರ್ ಬಾಯಾರ. ಅದಕ್ಕ ಯಾವ ಕಾಗದ ಬಂದ್ರೂ ಮೂರು ಮಂದಿ ಕಡಿಂದ ಓದಿಸ್ಕೊಂಡು ಆಮ್ಯಾಲ ಹೆಬ್ಬಟ್ಟ ಒತ್ತತೀನಿ. ನಿಮಗ ಓದಲಿಕ್ಕಿ ಬರ್ತದಲ್ಲರಿ?”

ಜಗತ್ತಿನ ವೈದ್ಯರೆಲ್ಲ ಕೂತಿದ್ದ ಸಭೆಯಲ್ಲಿ ಕಾರ್ಯದರ್ಶಿಗೆ ಎದುರುತ್ತರ ಕೊಟ್ಟವಳು ನಾನು. “ಬರ್ತದ, ಮಾಣಿಕಮ್ಮ” ಎಂದಷ್ಟೇ ಹೇಳಿದೆ.