ಕೂಲರಿನ ತಾಜುಸ್ಸಿರ್

ಚಳಿಯ ಕೊನೆಯ ಗಾಳಿ ನೈಲ್ ನದಿಯನ್ನು ದಾಟಿ ಹೋದ ಮೇಲೆ ಸುಡಾನಿನ ಒಮ್ದುರ್ಮಾನ್‌ನ ಓಣಿಗಳಲ್ಲಿ ಮೊದಲು ಕೇಳಿಸುತ್ತಿದ್ದದ್ದು ತಾಜುಸ್ಸಿರ್‌ನ ಕತ್ತೆಗಾಡಿಯ ಸದ್ದು. ಗಾಡಿಯ ಮೇಲೆ ಒಣಹುಲ್ಲಿನ ಹೊರೆ, ಹೊರೆಯ ಮೇಲೆ ಏಣಿ, ಪಕ್ಕದಲ್ಲಿ ಬಿಳಿಯ ನಿಲುವಂಗಿ ತೊಟ್ಟು ನಡೆದು ಬರುವ ಉದ್ದನೆಯ ಮನುಷ್ಯ. ಮನೆಮನೆಯ ಕಿಟಕಿಯಲ್ಲೂ ಒಂದೊಂದು ತಗಡಿನ ಕೂಲರು ಧೂಳು ತಿಂದು ಮಲಗಿರುತ್ತಿತ್ತು. ಅವನ್ನು ಎಬ್ಬಿಸುವುದೇ ಅವನ ಕಸುಬು.

ಏಣಿ ಹತ್ತಿ, ಹೋದ ವರ್ಷದ ಹುಲ್ಲನ್ನು ಕಿತ್ತು ಕೆಳಗೆ ಎಸೆಯುತ್ತಿದ್ದ. ನೀರಿನ ಸುಣ್ಣ ಕಟ್ಟಿ, ಪಾಚಿಗೆ ಕಪ್ಪಾದ ಹುಲ್ಲು ಸತ್ತ ಹಕ್ಕಿಯ ಗೂಡಿನ ಹಾಗೆ ಅಂಗಳಕ್ಕೆ ಬೀಳುತ್ತಿತ್ತು. ಆಮೇಲೆ ಹೊಸ ಹುಲ್ಲನ್ನು ಎಳೆಎಳೆಯಾಗಿ ಬಿಡಿಸಿ ಜಾಲರಿಯೊಳಗೆ ಹಾಸುವುದು. ಬಿಗಿಯಾದರೆ ಗಾಳಿ ನುಗ್ಗುವುದಿಲ್ಲ, ಸಡಿಲವಾದರೆ ನೀರು ನಿಲ್ಲುವುದಿಲ್ಲ. ಮಗಳ ತಲೆ ಬಾಚುವ ತಾಯಿಯ ಬೆರಳು ಅವನದು ಎಂದು ಹೆಂಗಸರು ಹೇಳುತ್ತಿದ್ದರು. ಅವನಿಗೆ ಮಗಳೂ ಇರಲಿಲ್ಲ, ಮಗನೂ ಇರಲಿಲ್ಲ.

ಎಲ್ಲ ಮುಗಿದ ಮೇಲೆ ಕಿಸೆಯಿಂದ ಒಂದು ಸಣ್ಣ ಶೀಷೆ ಹೊರಗೆ ಬರುತ್ತಿತ್ತು. ಅವನ ಹೆಂಡತಿ ಬತೂಲ್ ತನ್ನ ತಲೆಗೆಂದು ಶ್ರೀಗಂಧ, ಲವಂಗ ಕೂಡಿಸಿ ಮನೆಯಲ್ಲೇ ಕಾಯಿಸಿದ ಎಣ್ಣೆ. ಹೊಸ ಹುಲ್ಲಿನ ಮೇಲೆ ಒಂದೆರಡು ಹನಿ. ಬೇರೆ ಯಾವ ಕೂಲರಿನವನೂ ಮಾಡದ ಕೆಲಸ ಅದು. ಬೇಸಿಗೆಯ ಮೊದಲ ವಾರ ಇಡೀ ಓಣಿ ಬತೂಲಳ ಹಾಗೆ ಘಮಘಮಿಸುತ್ತಿತ್ತು.

ಕೊನೆಗೆ ಮನೆಯ ಹಿರಿಯರನ್ನು ಕೂಲರಿನ ಮುಂದೆ ಕೂರಿಸಿ, ಎದುರಿನ ಕಿಟಕಿ ತೆರೆದಿಟ್ಟು, ಗುಂಡಿ ಒತ್ತಿ, ಕೈಕಟ್ಟಿ ನಿಲ್ಲುತ್ತಿದ್ದ.

"ಹೇಗಿದೆ?"

"ತಂಪಾಗಿದೆ, ತಾಜುಸ್ಸಿರ್. ದೇವರು ನಿನ್ನ ಕೈ ತಂಪಾಗಿಟ್ಟಿರಲಿ."

ಇದಲ್ಲದೆ ಬೇರೆ ಉತ್ತರ ಅವನ ಕಿವಿಗೆ ಸೇರುತ್ತಿರಲಿಲ್ಲ. ಒಂದು ಸಲ ಅಂಚೆಕಚೇರಿಯಿಂದ ನಿವೃತ್ತನಾದ ಮುದುಕನೊಬ್ಬ, "ಪರವಾಗಿಲ್ಲ ಕಣಯ್ಯಾ, ಸ್ವಲ್ಪ ಧಗೆ" ಎಂದುಬಿಟ್ಟ. ತಾಜುಸ್ಸಿರ್ ಏಣಿ ಹತ್ತಿದ, ತಾನು ಹಾಸಿದ ಹುಲ್ಲನ್ನೆಲ್ಲ ಕಿತ್ತು ಗಾಡಿಗೆ ತುಂಬಿಕೊಂಡು ಹೊರಟುಹೋದ. ಆ ಬೇಸಿಗೆ ಆ ಮುದುಕ ಒದ್ದೆ ಬಟ್ಟೆ ಹೊದ್ದು ಮಲಗಿದ.

ಮದುವೆಯಾದ ಹೊಸತರಲ್ಲಿ ಬತೂಲಳೂ ಅದೇ ತಪ್ಪು ಮಾಡಿದ್ದಳು. ಊರಿನವರ ಕೂಲರುಗಳೆಲ್ಲ ಮುಗಿದ ಮೇಲೆ ಅವನ ಮನೆಯ ಸರದಿ. ಉಳಿದ ಗಿಡ್ಡ ಹುಲ್ಲು ತುಂಬಿ ಅವನು "ಹೇಗಿದೆ?" ಅಂದಾಗ ಅವಳು ನಕ್ಕು, "ನಿಮ್ಮ ಹೆಂಡತೀಗೆ ಮಾತ್ರ ಬಿಸಿಗಾಳಿನಾ?" ಅಂದಳು. ಮುಂದಿನ ಶುಕ್ರವಾರದವರೆಗೆ ಅವನು ಮನೆಯಲ್ಲಿ ಊಟ ಮಾಡಲಿಲ್ಲ. ಅವಳು ಕಲಸಿದ ಹಿಟ್ಟು ಹುಳಿಯಿತು, ಹುಯ್ದಿಟ್ಟ ದೋಸೆಯಂಥ ರೊಟ್ಟಿಗಳನ್ನು ಅವಳೇ ಆಡುಗಳಿಗೆ ಹಾಕಿದಳು. ಅಂದಿನಿಂದ ಅವನು ಯಾವಾಗ ಕೇಳಿದರೂ ಅವಳದು ಒಂದೇ ಮಾತು. "ತಂಪಾಗಿದೆ ರೀ."

ಇದನ್ನು ಬಿಟ್ಟರೆ ಒಳ್ಳೆಯ ಗಂಡ. ಕೈ ಎತ್ತಿದವನಲ್ಲ, ಮಕ್ಕಳಾಗಲಿಲ್ಲವೆಂದು ಇನ್ನೊಬ್ಬಳನ್ನು ತಂದವನಲ್ಲ. ಬತೂಲಳ ಎದೆಯಲ್ಲಿ ನೋವು ಕಾಣಿಸಿಕೊಂಡು ಕಾಲುಗಳು ಊದತೊಡಗಿದಾಗ ಅಡುಗೆಮನೆಗೆ ತಾನೇ ಇಳಿದ.

ಯುದ್ಧ ಓಣಿಯ ಬಾಯಿಗೆ ಬಂದು ನಿಂತ ದಿನ ಅವರು ಊರು ಬಿಟ್ಟರು. ಸಮುದ್ರದ ಕಡೆ ಪೋರ್ಟ್ ಸುಡಾನ್‌ನಲ್ಲಿ ಬತೂಲಳ ತಂಗಿ ಇಹ್ಸಾನ್ ಇದ್ದಳು. ಬಸ್ಸಿನ ನೆತ್ತಿಯ ಮೇಲೆ ಅವರ ಪಾಲಿಗೆ ಸಿಕ್ಕ ಜಾಗ ಒಂದೇ ಸಾಮಾನಿನದು. ಬತೂಲಳ ಮದುವೆಯ ಪೆಟ್ಟಿಗೆಯೋ, ಕಿಟಕಿಯಲ್ಲಿದ್ದ ಕೂಲರೋ.

"ನಿನ್ನ ಎದೆಗೆ ತಂಪು ಬೇಕಲ್ಲೇ," ಅಂದ ತಾಜುಸ್ಸಿರ್. "ಪೆಟ್ಟಿಗೆ ಹೊದ್ಕೊಂಡು ಮಲಗ್ತೀಯಾ?"

ಅವಳು ಪೆಟ್ಟಿಗೆ ತೆರೆದು, ಗಂಧದೆಣ್ಣೆಯ ಶೀಷೆಯೊಂದನ್ನು ತೆಗೆದು ಕುಪ್ಪಸದೊಳಗೆ ಇಟ್ಟುಕೊಂಡಳು. ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈಯನ್ನು ಅದರ ಮೇಲೇ ಇಟ್ಟು ಬಂದಳು.

ಪೋರ್ಟ್ ಸುಡಾನ್‌ನ ವೈದ್ಯೆ ಬತೂಲಳ ಎದೆಗೆ ಕಿವಿ ಕೊಟ್ಟು ಕೇಳಿ, ಒಂದೇ ಮಾತು ಹೇಳಿದಳು. ಔಷಧಿ ಸಿಕ್ಕರೆ ಸಿಗಲಿ, ಸಿಗದಿದ್ದರೆ ಬಿಡಲಿ, ಈ ಬೇಸಿಗೆ ಮುಗಿಯುವವರೆಗೆ ಮಧ್ಯಾಹ್ನದ ಹೊತ್ತು ಇವಳನ್ನು ತಣ್ಣಗಿನ ಜಾಗದಲ್ಲಿ ಇಡಿ. ಧಗೆಯನ್ನು ಈ ಎದೆ ತಾಳುವುದಿಲ್ಲ.

ಇಹ್ಸಾನಳ ಮನೆಯಲ್ಲಿ ಎರಡೇ ಕೋಣೆ. ಒಂದರಲ್ಲಿ ಎಸಿ ಇತ್ತು. ಅವಳ ಗಂಡ ಊಶೇಕ್ ಬಂದರಿನಲ್ಲಿ ಮೂಟೆ ಹೊತ್ತು ಹಾಕಿಸಿದ ಎಸಿ.

"ಭಾವ, ಇವರು ಬೆಳಗ್ಗೆ ಹೋದ್ರೆ ಸಂಜೆಗೇ ಬರೋದು," ಅಂದಳು ಇಹ್ಸಾನ್. "ಅಕ್ಕ ಹಗಲೆಲ್ಲ ನನ್ನ ಕೋಣೇಲೇ ಮಲಗಲಿ."

"ಎಸಿ ಗಾಳೀನಾ? ಅದು ಸತ್ತ ಗಾಳಿ. ಬಾಗಿಲು ಕಿಟಕಿ ಹಾಕ್ಕೊಂಡು, ಬಿಟ್ಟ ಉಸಿರನ್ನೇ ತಿರುಗಿ ಕುಡಿಯೋದು. ನನ್ನ ಕೂಲರು ಹೊಸ ಗಾಳಿ ತರುತ್ತೆ."

ಊಶೇಕ್ ಶುಂಠಿ ಹಾಕಿದ ಕಾಫಿಯನ್ನು ಪುಟ್ಟ ಬಟ್ಟಲಿಗೆ ಬಗ್ಗಿಸುತ್ತಿದ್ದವನು ತಲೆಯೆತ್ತಿದ. ಕಡಲ ದಂಡೆಯಲ್ಲೇ ಹುಟ್ಟಿದವನು, ಮಾತು ಕಡಿಮೆ.

"ಷಡ್ಡಕರೇ, ನಿಮ್ಮೂರ ಗಾಳಿಗೆ ಬಾಯಾರಿಕೆ. ನೀರು ತೋರಿಸಿದ್ರೆ ಗಟಗಟ ಕುಡಿದು ತಣ್ಣಗಾಗುತ್ತೆ. ನಮ್ಮೂರ ಗಾಳಿ ಆಗಲೇ ಸಮುದ್ರದಲ್ಲಿ ಮುಳುಗಿ ಎದ್ದು ಬಂದಿದೆ. ಅದಕ್ಕೆ ಇನ್ನೊಂದು ಸ್ನಾನ ಮಾಡಿಸ್ತೀರಾ?"

"ಗಾಳಿ ಗಾಳೀನೇ," ಅಂದ ತಾಜುಸ್ಸಿರ್. "ಕೈಗುಣ ಬೇಕು ಅಷ್ಟೆ."

ಅಂದೇ ಎರಡನೆಯ ಕೋಣೆಯ ಕಿಟಕಿಯಲ್ಲಿ ಕೂಲರು ಕೂತಿತು. ಹುಲ್ಲು ಸಿಗದೆ ತೆಂಗಿನ ನಾರು ಹುಡುಕಿ ತಂದ. ಕತ್ತೆಗಾಡಿಯಲ್ಲಿ ಬರುವ ಸಿಹಿನೀರು ಕುಡಿಯಲೇ ಸಾಲದ ಊರಿನಲ್ಲಿ ಕೂಲರಿಗೆ ಕೊಡಗಟ್ಟಲೆ ಸುರಿದ. "ಮಕ್ಕಳು ಬಾಯಾರಿ ಕೂತಿದ್ದಾರೆ, ನಿಮ್ಮ ಪೆಟ್ಟಿಗೇಗೆ ಪಾನಕ!" ಎಂದು ಇಹ್ಸಾನ್ ಗೊಣಗಿದಳು. ಬತೂಲ್ ಕುಪ್ಪಸದಿಂದ ಶೀಷೆ ತೆಗೆದು ಕೊಟ್ಟಳು. ಎರಡು ಹನಿ ಬಿದ್ದವು. ಎದುರಿನ ಕಿಟಕಿ ತೆರೆಯಿತು. ಹಸಿ ಬಟ್ಟೆಯಂಥ ಗಾಳಿ ಬಂದು ಅವಳ ಮುಖಕ್ಕೆ ಅಂಟಿಕೊಂಡಿತು.

"ಹೇಗಿದೆ?"

ಬಾಗಿಲಲ್ಲಿ ತಂಗಿ ನಿಂತಿದ್ದಳು. ಜಗಲಿಯಲ್ಲಿ ಊಶೇಕ್. ಊರು, ಮನೆ, ಕತ್ತೆ, ಗಾಡಿ ಎಲ್ಲ ಕಳೆದುಕೊಂಡ ಗಂಡಸು ಕೈಕಟ್ಟಿ ಕಾಯುತ್ತಿದ್ದ.

"ತಂಪಾಗಿದೆ ರೀ," ಅಂದಳು ಬತೂಲ್.

ಅವನು ದಿನವೂ ಬೆಳಗ್ಗೆ ಸಂತೆಬೀದಿಗೆ ಹೋಗುತ್ತಿದ್ದ. ಯಾರ ಮನೆಯಲ್ಲಾದರೂ ಕೂಲರು ಕೆಟ್ಟಿದೆಯೇ ಎಂದು ಕೇಳುವುದು, ಇಲ್ಲವೆನ್ನಿಸಿಕೊಳ್ಳುವುದು, ಟೀ ಮಾರುವ ಹೆಂಗಸಿನ ಮಣೆಗಳ ಮೇಲೆ ತನ್ನ ಹಾಗೇ ಊರು ಬಿಟ್ಟು ಬಂದವರ ಜೊತೆ ಕೂರುವುದು. ಸಂಜೆಯ ನಮಾಜಿಗೆ ಮುಂಚೆ ಮನೆಗೆ ಬಂದು ಹೆಂಡತಿಯ ಹಣೆ ಮುಟ್ಟುತ್ತಿದ್ದ. ಅದು ನೆರಳಿನಲ್ಲಿಟ್ಟ ಮಣ್ಣಿನ ಹರವಿಯ ಹಾಗೆ ತಣ್ಣಗಿರುತ್ತಿತ್ತು. ಕಾಲಿನ ಊತವೂ ಇಳಿದಿತ್ತು. ಮುಟ್ಟಿದ ಕೈಯನ್ನು ಅವನು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿರುತ್ತಿದ್ದ, ಯಾರಿಗೋ ತೋರಿಸುವವನ ಹಾಗೆ.

"ನೋಡಿದ್ಯಾ? ಬಂದರಿನ ಮೂಟೆ ಹೊರೋನಿಗೆ ಏನು ಗೊತ್ತು ಗಾಳಿ ವಿಷಯ!"

ಆಗಸ್ಟ್ ಬಂತು. ಗೋಡೆಗಳು ಬೆವರಿದವು, ಬೆಂಕಿಕಡ್ಡಿ ಹತ್ತಲಿಲ್ಲ, ಬೆಳಗಿನ ರೊಟ್ಟಿ ಸಂಜೆಗೆ ಬೂಷ್ಟು ಹಿಡಿಯಿತು. ಟೀ ಮಣೆಗಳ ಮೇಲೆ ಕೂತವರು ಯಾರು ಯಾರು ಧಗೆಗೆ ಸತ್ತರೆಂದು ಮಾತಾಡಿಕೊಳ್ಳುತ್ತಿದ್ದರು.

"ನನ್ನ ಹೆಂಡತಿ ಹಣೆ ಮುಟ್ಟಿ ನೋಡಬೇಕು ನೀವು," ಅಂದ ತಾಜುಸ್ಸಿರ್. "ಐಸು! ಎಲ್ಲ ನನ್ನ ಕೂಲರಿನ ಕೆಲಸ."

ಒಮ್ದುರ್ಮಾನ್‌ನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಸಿದ್ದೀಗ್ ಟೀ ಲೋಟ ಕೆಳಗಿಟ್ಟು ನಕ್ಕ. "ಈ ಊರಲ್ಲಿ ಕೂಲರು! ಅಯ್ಯೋ ಮಹರಾಯ, ನೀನು ಹೆಂಡತೀನ ಆವಿಯಲ್ಲಿ ಬೇಯಿಸ್ತಿದ್ದೀಯ. ಉಪ್ಪು ಒಂದು ಹಾಕಿಬಿಡು, ಊಟಕ್ಕೆ ಬರ್ತೀವಿ."

ಮಣೆಗಳ ಮೇಲಿದ್ದವರೆಲ್ಲ ನಕ್ಕರು. ಅವರಲ್ಲಿ ಅರ್ಧ ಜನ ಅವನ ಹುಲ್ಲಿನ ತಂಪಿನಲ್ಲಿ ಬೇಸಿಗೆಗಳನ್ನು ಕಳೆದವರು. ಟೀ ಮಾರುವವಳೂ ಸೆರಗು ಬಾಯಿಗಿಟ್ಟುಕೊಂಡಳು.

ಮರುದಿನ ಅವನು ಸಂತೆಗೆ ಹೋಗಲಿಲ್ಲ. ಇನ್ನು ಹೋಗುವುದೇ ಇಲ್ಲ ಎಂದ. ಈ ಜನರ ಮುಖ ನೋಡುವುದಕ್ಕಿಂತ ಹೆಂಡತಿಯ ಪಕ್ಕ ಕೂತು, ಕ್ಷಣಕ್ಷಣಕ್ಕೂ ನಾರಿಗೆ ನೀರು ಹೊಯ್ದು, ಈ ಆಗಸ್ಟನ್ನು ದಾಟಿಸುತ್ತೇನೆ ಎಂದ.

ಬತೂಲ್ ಎದ್ದು ಕೂತಳು. "ಹೋಗಲ್ವಾ? ಒಂದಿಷ್ಟು ಒಣಬೆಂಡೆಕಾಯಿ ಪುಡಿ ಬೇಕಿತ್ತು."

"ಇಹ್ಸಾನ್ ತರ್ತಾಳೆ ಬಿಡು."

"ನಿಮ್ಮ ಸ್ನೇಹಿತರು ಕಾಯ್ತಿರ್ತಾರೆ."

"ಅವರು ಹಾಳಾಗಿ ಹೋಗಲಿ. ನನಗೆ ನಿನಗಿಂತ ಯಾರು ಬೇಕೇ?"

ಇಷ್ಟು ವರ್ಷಗಳ ಸಂಸಾರದಲ್ಲಿ ಇಂಥ ಮಾತನ್ನು ಅವನು ಆಡಿದ್ದು ಅದೇ ಮೊದಲು. ಅವಳು ಮತ್ತೆ ಮಲಗಿದಳು.

ಮಧ್ಯಾಹ್ನ ಇಹ್ಸಾನ್ ಬಾಗಿಲಿಗೆ ಬಂದಳು. ಮರುದಿನ ಮತ್ತೆ ಬಂದಳು. ಅಷ್ಟರಲ್ಲಿ ಬತೂಲಳ ಹಣೆ ಸುಡುತ್ತಿತ್ತು, ಕಾಲುಗಳು ಮತ್ತೆ ಊದಿದ್ದವು.

"ಭಾವ, ಅಕ್ಕನ್ನ ಒಂದು ಗಳಿಗೆ ನನ್ನ ಕೋಣೆಗೆ ಕಳಿಸಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಜ್ವರ ಬಂದಿದೆ ಇವಳಿಗೆ. ಜ್ವರದವರನ್ನ ಸತ್ತ ಗಾಳಿಗೆ ತಳ್ತಾರಾ ಯಾರಾದ್ರೂ?"

ಇಹ್ಸಾನ್ ಬಾಯಿ ತೆರೆದು ಅಕ್ಕನ ಕಡೆ ನೋಡಿದಳು. ಬತೂಲ್ ದಿಂಬಿನ ಮೇಲೆ ತಲೆಯನ್ನು ಅತ್ತಿತ್ತ ಆಡಿಸಿದಳು, ಬೇಡ ಎಂಬಂತೆ. ತಾಜುಸ್ಸಿರ್ ಅದನ್ನು ನೋಡಿದ. ಜ್ವರದ ಸಂಕಟ ಎಂದುಕೊಂಡ. ಇಹ್ಸಾನ್ ತೆರೆದ ಬಾಯಿ ಮುಚ್ಚಿಕೊಂಡು ಹೋದಳು.

ಅವನು ಕೂಲರಿನ ವೇಗ ಹೆಚ್ಚಿಸಿದ. ನೀರು ಸುರಿದ. ಕೋಣೆಯ ಗಾಳಿ ಕೈಯಲ್ಲಿ ಹಿಂಡಿದರೆ ತೊಟ್ಟಿಕ್ಕುವ ಹಾಗಿತ್ತು. ಹಾಸಿಗೆ ಒದ್ದೆ, ಹೊದಿಕೆ ಒದ್ದೆ. ಬತೂಲಳ ಬೆವರು ಆರಲು ಜಾಗವಿಲ್ಲದೆ ಕತ್ತಿನ ಗುಳಿಯಲ್ಲಿ ನಿಂತಿತ್ತು. ಅವನು ಮಗುವಿನ ಹಾಗೆ ಅವಳ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಒತ್ತುತ್ತಿದ್ದ.

"ಸಂತೆಗೆ ಹೋಗಿ ಬರ್ತೀರಾ?" ಅಂದಳು ಅವಳು. ಮಾತು ಉಸಿರಿನ ನಡುವೆ ತುಂಡುತುಂಡಾಗಿ ಬಂತು. "ಒಂದು ಸಲ. ಹೋಗಿ ಬನ್ನಿ."

"ನಿನ್ನ ಬಿಟ್ಟು ಎಲ್ಲಿಗೂ ಹೋಗಲ್ಲ." ಅವನು ಅವಳ ಕೆನ್ನೆಗೆ ಅಂಟಿದ್ದ ಕೂದಲನ್ನು ಬಿಡಿಸಿದ. "ಈಗ ಹೇಗಿದೆ? ಹೇಳು."

ಅವಳು ಅವನನ್ನೇ ನೋಡಿದಳು.

"ತಂಪಾಗಿದೆ."

ಅವನಿಗೆ ಜೊಂಪು ಹತ್ತಿತು. ಎಚ್ಚರವಾದಾಗ ಕೂಲರು ಓಡುತ್ತಲೇ ಇತ್ತು. ತೊಡೆಯ ಮೇಲಿನ ಪಾದಗಳು ಕೊನೆಗೂ ತಣ್ಣಗಾಗಿದ್ದವು.

ಹೆಂಗಸರು ಅವಳನ್ನು ತೊಳೆದರು. ಗಂಡಸರು ಹೊತ್ತರು. ಓಣಿಯಲ್ಲಿ ಸೂತಕದ ಚಪ್ಪರ ಎದ್ದಿತು, ಸಿದ್ದೀಗ್ ಬಂದು ಅಂಗೈ ಚಾಚಿ ಫಾತಿಹಾ ಪ್ರಾರ್ಥನೆ ಓದಿ, ಅವನ ಪಕ್ಕದಲ್ಲೇ ತಲೆ ತಗ್ಗಿಸಿ ಕೂತ. ಚಪ್ಪರ ಬಿಚ್ಚುವ ದಿನ ತಾಜುಸ್ಸಿರ್ ಬಿಸಿಲಿನಲ್ಲಿ ಕುಸಿದು ಬಿದ್ದ. ಊಶೇಕ್ ಅವನನ್ನು ಮೂಟೆಯ ಹಾಗೆ ಹೆಗಲಿಗೆ ಹಾಕಿಕೊಂಡು ಒಳಗೆ ತಂದು, ಎಸಿ ಕೋಣೆಯ ಕಿಟಕಿ ಪಕ್ಕದ ಮಂಚದ ಮೇಲೆ ಮಲಗಿಸಿ ಹೊರಗೆ ಹೋದ.

ಅವನು ಆ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. ಮೈಯ ಬೆವರು ಆರಿತು. ಎದೆ ಬಡಿತ ನಿಧಾನವಾಯಿತು. ಒಣಗಿದ, ಹಗುರವಾದ ತಂಪು. ಒಮ್ದುರ್ಮಾನ್‌ನಲ್ಲಿ, ಬೇಸಿಗೆಯ ಮೊದಲ ದಿನ, ಅವನ ಕೈಯಿಂದಲೇ ಹುಟ್ಟುತ್ತಿದ್ದ ತಂಪು. ಅವನು ಮಗ್ಗುಲು ಬದಲಿಸಿ ದಿಂಬಿಗೆ ಮುಖ ಒತ್ತಿದ.

ದಿಂಬಿನಲ್ಲಿ ಶ್ರೀಗಂಧ ಇತ್ತು. ಲವಂಗ ಇತ್ತು.

ಒಂದು ದಿನ ತಲೆಯಿಟ್ಟದ್ದರಿಂದ ಬಂದ ವಾಸನೆ ಅಲ್ಲ ಅದು. ದಿನದಿನವೂ ಒಂದೇ ತಲೆ ಒಂದೇ ಕುಳಿಯಲ್ಲಿ ಮಲಗಿ, ಹತ್ತಿಯ ಒಳಗೆ ಇಳಿದು ಕೂತ ವಾಸನೆ. ಅವನು ದಿಂಬನ್ನು ಮೇಲೆತ್ತಿ ನೋಡಿದ, ಕೆಳಗಿಟ್ಟ, ಮತ್ತೆ ಎತ್ತಿದ.

ಇಹ್ಸಾನ್ ನಿಂಬೆಯ ಷರಬತ್ತು ಹಿಡಿದು ಬಂದಳು. ಅವನ ಕೈಯಲ್ಲಿದ್ದ ದಿಂಬು ನೋಡಿ ಅಲ್ಲೇ ನಿಂತಳು.

"ದಿನಾ ಬರ್ತಿದ್ಲು," ಅಂದಳು. "ನೀವು ಓಣಿ ತಿರುಗಿದ ಕೂಡಲೇ ಬರೋಳು. ಸಂಜೆ ಬಾಂಗ್ ಕೂಗೋಕೆ ಮುಂಚೆ ಎದ್ದು ಹೋಗಿ, ನಿಮ್ಮ ಕೂಲರಿನ ಮುಂದೆ ಮಲಗೋಳು. ಹೇಳಿಬಿಡ್ತೀನಿ ಅಂತ ನಾನು ಅಂದಾಗ ಕುರಾನಿನ ಮೇಲೆ ನನ್ನ ಕೈಯಿಡಿಸಿ ಆಣೆ ಹಾಕಿಸಿಕೊಂಡ್ಲು. ಆ ಗಂಡಸಿಗೆ ಇನ್ನೇನು ಉಳಿದಿದೆ ಅಂದ್ಲು."

ತಾಜುಸ್ಸಿರ್ ದಿಂಬನ್ನು ಇದ್ದ ಜಾಗದಲ್ಲೇ ಇಟ್ಟ. 

"ನೀವು ಒಂದು ದಿನ ಸಂತೆಗೆ ಹೋಗಿದ್ರೆ ಸಾಕಿತ್ತು, ಭಾವ." ಅವಳ ದನಿ ಏರಲಿಲ್ಲ. "ಒಂದೇ ಒಂದು ಮಧ್ಯಾಹ್ನ. ಅದನ್ನೇ ಅಲ್ವಾ ಅವಳು ಕೇಳಿದ್ದು?"

ಅವನು ಎದ್ದು ಹೋಗಲು ಕಾಲು ಕೆಳಗಿಟ್ಟ. ಬಿಸಿಲಿಗೆ ಬಿದ್ದ ಮೈ ಏಳಲಿಲ್ಲ. ಕೂತಲ್ಲೇ ಮತ್ತೆ ಒರಗಿದ. ಕೆನ್ನೆ ಅದೇ ಕುಳಿಯಲ್ಲಿ ಹೋಗಿ ಕೂತಿತು.

ಇಹ್ಸಾನ್ ಷರಬತ್ತಿನ ಲೋಟವನ್ನು ಮಂಚದ ಕಾಲಿನ ಹತ್ತಿರ ಇಟ್ಟಳು. ಬಾಗಿಲಿನವರೆಗೆ ಹೋದವಳು ತಿರುಗಿ ನಿಂತಳು. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡಳು, ಅವನು ಕಟ್ಟಿಕೊಳ್ಳುತ್ತಿದ್ದ ಹಾಗೆಯೇ.

"ಹೇಗಿದೆ ಭಾವ?"

ಅವಳು ಕಾದಳು. ಉತ್ತರ ಬರುವವರೆಗೂ ಹೋಗುವವಳಲ್ಲ ಎಂದು ಅವನಿಗೆ ತಿಳಿಯಿತು.

"ತಂಪಾಗಿದೆ," ಅಂದ ತಾಜುಸ್ಸಿರ್.

ತಂಪು ಸೋರಿಹೋಗದ ಹಾಗೆ ಬಾಗಿಲನ್ನು ಬಿಗಿಯಾಗಿ ಎಳೆದುಕೊಂಡು ಅವಳು ಹೊರಗೆ ಹೋದಳು.