ಅಂಗಳದಲ್ಲಿ ನಿಂತಿದ್ದ ಜೀಪು

ಆ ಶುಕ್ರವಾರವೂ ನನ್ನ ದಿನ ಬಕೆಟ್ಟಿನಿಂದಲೇ ಶುರುವಾಯಿತು. ಕಿಟಕಿಯ ಏಸಿಯಿಂದ ರಾತ್ರಿಯಿಡೀ ತೊಟ್ಟಿಕ್ಕಿದ ನೀರನ್ನು ಬಾಲ್ಕನಿಯ ಕರಿಬೇವಿನ ಗಿಡಕ್ಕೆ ಹಾಕಿ, ಉಳಿದದ್ದರಲ್ಲಿ ಹೊಸ್ತಿಲ ಬಳಿ ಕೂತಿದ್ದ ಮರಳನ್ನು ಒರೆಸಿದೆ. ಅಕ್ಕಿಹಿಟ್ಟು ಕಲಸಿ ರೊಟ್ಟಿ ತಟ್ಟಿದೆ. ಮಗಳಿಗೆ ಎರಡು ಜಡೆ ಹಾಕಿದೆ. ಹೊರಗೆ ಹೋಗುವಾಗ ಮೈಮುಚ್ಚಲು ಬಾಗಿಲ ಹಿಂದೆ ನೇತುಹಾಕಿದ್ದ ಕಪ್ಪು ಅಬಾಯಾ ತೆಗೆದು, ಅದರ ತೋಳಿಗೆ ಅಂಟಿದ್ದ ಹಿಟ್ಟಿನ ಗುರುತನ್ನು ಒದ್ದೆ ಬಟ್ಟೆಯಿಂದ ಉಜ್ಜಿದೆ. ರಜೆಯ ದಿನ ತಡವಾಗಿ ಏಳುವ ನನ್ನ ಗಂಡ ಅಂದು ಬೇಗ ಎದ್ದು, ಸ್ನಾನ ಮುಗಿಸಿ, ಸಿಳ್ಳೆ ಹಾಕುತ್ತ ಬೂಟು ಒರೆಸುತ್ತಿದ್ದರು.

"ಸಂಜೆ ಹೋಗೋದಕ್ಕೆ ಈಗಲೇ ಬೂಟಾ?" ಎಂದೆ.

"ಗಾಡಿ ನೋಡೋಕೆ ಹೋಗೋದಲ್ವಾ. ಬೂಟು ನೋಡಿಯೇ ಅವರು ರೇಟು ಹೇಳೋದು."

"ಹಾಗಾದ್ರೆ ಹಳೇ ಚಪ್ಪಲಿ ಹಾಕ್ಕೊಳ್ಳಿ."

ಅವರು ನಕ್ಕರು. ಆ ನಗು ಕೇಳಿ ಬಹಳ ದಿನವಾಗಿತ್ತು.

ನಾವು ಆಗ ಸೌದಿಯ ಅಲ್ ಅಹ್ಸಾದಲ್ಲಿದ್ದೆವು. ತೊಂಬತ್ತರ ದಶಕದ ನಡುವಿನ ವರ್ಷಗಳು. ಖರ್ಜೂರದ ತೋಟಗಳಿಗೆ ನೀರೆತ್ತುವ ಪಂಪು ಮಾರುವ ಕಂಪನಿಯಲ್ಲಿ ಇವರು ಎಂಜಿನಿಯರು. ಕೊಡಗಿನ ಮನೆಯಲ್ಲಿ ಹುಟ್ಟಿದ ಇವರಿಗೆ ಗೋಡೆಯ ಮೇಲೊಂದು ಕೋವಿ ಇಲ್ಲದ ಮನೆ ಮನೆಯೇ ಅಲ್ಲ. ಆಯುಧಗಳಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ದಿನ ಈ ಫ್ಲಾಟಿನಲ್ಲಿ ಹೂ ಏರಿಸಲು ನಮಗೆ ಸಿಗುತ್ತಿದ್ದುದು ಅಡುಗೆಯ ಚಾಕು ಮಾತ್ರ. ಆ ವರ್ಷ ಒಬ್ಬ ತೋಟದ ಯಜಮಾನ, ಪಂಪು ರಿಪೇರಿಯಿಂದ ಸ್ನೇಹಿತನಾದವನು, ಚಳಿಗಾಲಕ್ಕೆ ಮೊದಲು ಬರುವ ಕಾಡುಪಾರಿವಾಳಗಳ ಬೇಟೆಗೆ ಇವರನ್ನು ಕರೆದಿದ್ದ. ಕೋವಿ ಅವನದು, ಮರಳಿಗೆ ಇಳಿಯುವ ಗಾಡಿ ಮಾತ್ರ ನಮ್ಮದೇ ಇರಬೇಕು. ಕಂಪನಿ ಕೊಟ್ಟ ಚಿಕ್ಕ ಕಾರು ತೋಟದ ಕಾಲುದಾರಿಯಲ್ಲೇ ಹೂತು ಹೋಗುತ್ತಿತ್ತು.

ಹಕ್ಕಿ ಹೊಡೆಯುವುದೆಂದರೆ ನನಗೆ ಸಂಕಟ. ಹಾಗೆಂದು ಬೇಡ ಎನ್ನಲೂ ಆಗಲಿಲ್ಲ. ಈ ದೇಶದಲ್ಲಿ ಅವರು ನನಗಾಗಿ, ಮಗಳಿಗಾಗಿ ಏನೇನು ಬಿಟ್ಟಿದ್ದರೆಂದು ನನಗೆ ಗೊತ್ತಿತ್ತು. ಹಾಗಾಗಿ ಊಟದ ಮೇಜಿನ ಮೇಲೆ ವಾರಗಟ್ಟಲೆ ನಡೆದ ಗಾಡಿಯ ಮಾತಿಗೆ ನಾನೂ ಕಿವಿಯಾದೆ. ನಾಲ್ಕೂ ಚಕ್ರಕ್ಕೆ ಎಳೆತ ಇರಬೇಕು, ಅದನ್ನು ಹಾಕುವ ಎರಡನೇ ಗೇರುಕೋಲು ಸಡಿಲ ಇರಬಾರದು. ಹೊಟ್ಟೆ ನೆಲದಿಂದ ಎತ್ತರ ಇರಬೇಕು. ಒಳಗೆ ಕಾರ್ಪೆಟ್ ಬೇಡ, ರಬ್ಬರ್ ಮ್ಯಾಟು ಸಾಕು; ಮರಳು, ರಕ್ತ, ಗರಿ ಎಲ್ಲ ನೀರು ಹಾಕಿ ತೊಳೆಯುವಂತಿರಬೇಕು. "ರಕ್ತ" ಎಂದಾಗ ಅವರು ನನ್ನ ಮುಖ ನೋಡಿ ಸಾರು ಬಡಿಸಿಕೊಂಡರು.

ಹಳೆ ಗಾಡಿಗಳ ಹರಾಜು ಮೈದಾನಕ್ಕೂ ಹೋಗಿ ಬಂದಿದ್ದೆವು. ಒಂದು ಬಿಳಿ ಗಾಡಿಗೆ ಹೊಸ ಬಣ್ಣ ಬಳಿದು ತುಕ್ಕು ಮುಚ್ಚಿದ್ದರು. ಇನ್ನೊಂದು ನಾಲ್ಕು ಬಾಗಿಲಿನದು, ವೆಲ್ವೆಟ್ ಸೀಟು, ಟಿಶ್ಯೂ ಡಬ್ಬಿಗೂ ಕಸೂತಿ ಅಂಗಿ. ನನಗೆ ಇಷ್ಟವಾಯಿತು, ಆದರೆ ಅದರ ಬೆಲೆ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಗಾಡಿ ಓಡಿಸುವ ಹಕ್ಕು ಹೆಂಗಸರಿಗೆ ಇರಲಿಲ್ಲವಾದರೂ ಪ್ರತಿ ಗಾಡಿಯ ಹಿಂದಿನ ಸೀಟಿನಲ್ಲಿ ನನ್ನನ್ನು ಕೂರಿಸಿ "ಹೇಗಿದೆ?" ಎಂದು ಕೇಳುತ್ತಿದ್ದರು. ನಮ್ಮ ಕೆಳಗಿನ ಮನೆಯವರು ಉಡುಪಿ ಕಡೆಯ ಬ್ಯಾರಿಗಳು. ಆ ಮನೆಯಾತ ಬಿಡಿಭಾಗದ ಅಂಗಡಿಯಲ್ಲಿ ಸೇಲ್ಸ್‌ಮನ್. "ಅಕ್ಕ, ನಿಮ್ಮದು ಬ್ಯಾಕ್ ಸೀಟ್ ಇನ್ಸ್‌ಪೆಕ್ಟರ್ ಡ್ಯೂಟಿ" ಎಂದು ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಗೇಲಿ ಮಾಡುತ್ತಿದ್ದ.

ಕೊನೆಗೆ ಆ ತೋಟದ ಯಜಮಾನನೇ ಹೇಳಿದ್ದು: ತನ್ನ ಅಪ್ಪನ ಜೀಪು ಅಂಗಳದಲ್ಲಿ ಸುಮ್ಮನೆ ನಿಂತಿದೆ, ಎರಡು ಬಾಗಿಲಿನದು, ಎಂಜಿನ್ ಗಟ್ಟಿ, ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜಿನ ಹೊತ್ತಿಗೆ ಬನ್ನಿ, ಮದಾಮನ್ನೂ ಕರೆತನ್ನಿ ಎಂದು.

ಮಗಳನ್ನು ಕೆಳಗಿನ ಮನೆಯಲ್ಲಿ ಬಿಟ್ಟು ಹೊರಟೆವು. ಮನೆ ಊರಿನ ಅಂಚಿನಲ್ಲಿತ್ತು; ಒಂದು ಕಾಲಕ್ಕೆ ಕುರಿ ಒಂಟೆ ಅಟ್ಟಿಕೊಂಡು ಮರುಭೂಮಿಯಲ್ಲಿ ತಿರುಗುತ್ತಿದ್ದ ಬದೂ ಮನೆತನವಂತೆ. ಗೇಟು ದಾಟಿದ ಕೂಡಲೇ ಕಂಡದ್ದು ಜೀಪು. ಮರಳಿನದೇ ಬಣ್ಣ. ಅದರ ಬಾನೆಟ್ಟಿನ ಮೇಲೆ ಅಂಗೈ ಊರಿಕೊಂಡು ಒಬ್ಬ ಮುದುಕ ನಿಂತಿದ್ದರು. ನಾವು ಹತ್ತಿರ ಬಂದರೂ ಅವರು ನಮ್ಮತ್ತ ನೋಡಲಿಲ್ಲ, ಹೆಜ್ಜೆಯ ಸದ್ದಿನತ್ತ ಕಿವಿ ತಿರುಗಿಸಿದರು. ಕಣ್ಣುಗಳ ಮೇಲೆ ಹಾಲಿನ ಕೆನೆಯಂಥ ಪೊರೆ.

ಗಂಡಸರು ಹೊರಗಿನ ಕೋಣೆಗೆ ಹೋದರು. ನನ್ನನ್ನು ಹಿಂದಿನ ಬಾಗಿಲಿನಿಂದ ಹೆಂಗಸರ ಕೋಣೆಗೆ ಕರೆದೊಯ್ದವಳು ಆ ಮನೆಯ ಸೊಸೆ, ನಮ್ಮ ಸ್ನೇಹಿತನ ಹೆಂಡತಿ. ಕಾಲೇಜು ಓದಿದವಳು, ಇಂಗ್ಲಿಷ್ ಮೆಲ್ಲಗೆ ಆದರೆ ಸರಿಯಾಗಿ ಆಡುತ್ತಿದ್ದಳು. ಗೋಡೆಗೊರಗಿ ಅವಳ ಅತ್ತೆ ಕೂತಿದ್ದರು. ಗಲ್ಲದ ಮೇಲೆ ಹಸಿರು ಹಚ್ಚೆ, ಬೆರಳ ತುದಿಗೆ ಹಳೆಯ ಮದರಂಗಿ. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಬಳೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಪಕ್ಕದಲ್ಲೇ ಕೂರಿಸಿಕೊಂಡರು.

ಸೊಸೆ ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಕಾಫಿ ಬಗ್ಗಿಸಿದಳು. ಏಲಕ್ಕಿಯ ಘಮ, ಹೊಂಬಣ್ಣ. ನಾನು ತುಟಿಗೆ ತರುವಷ್ಟರಲ್ಲಿ ಅವಳು ಮಾತು ಶುರು ಮಾಡಿದಳು.

"ಸಿಸ್ಟರ್, ನಿಮ್ಮ ಯಜಮಾನರು ನಿರಾಸೆಯಾಗಿಯೇ ಹೋಗಬೇಕಾಗ್ತದೆ. ಇದಕ್ಕೂ ಮೊದಲು ಎಷ್ಟೋ ಜನ ಬಂದು ಹೋದರು."

"ಯಾಕೆ? ಮಾರುವುದಿಲ್ಲವಾ?"

"ಮಕ್ಕಳಿಗೆಲ್ಲ ಮಾರುವ ಮನಸ್ಸು. ಆದರೆ ಆ ಜೀಪು ಅತ್ತೆಯ ಕುರಿ ಮಾರಿ ತಂದದ್ದು. ಅವರು ಹೂಂ ಅನ್ನದೆ ಯಾರೂ ಮುಟ್ಟುವ ಹಾಗಿಲ್ಲ." ಅವಳು ಕಿಟಕಿಯ ಪರದೆಯನ್ನು ಸ್ವಲ್ಪ ಸರಿಸಿದಳು. "ಮಾವನಿಗೆ ಕಣ್ಣು ಹೋಗಿದೆ. ದಿನಾ ಸಂಜೆ ಹೋಗಿ ಅದರೊಳಗೆ ಕೂತ್ಕೊಳ್ತಾರೆ. ಮುಂದಿನ ಚಳಿಗೆ ಕಣ್ಣು ಸರಿಯಾಗ್ತದೆ, ಬೇಟೆಗೆ ಹೋಗ್ತೇನೆ ಅಂತಾರೆ. ಜೀಪು ಅಂಗಳದಲ್ಲಿ ಇರುವವರೆಗೆ ಹಾಗೆ ಅಂದ್ಕೊಂಡಿರಲಿ ಅಂತ ಅತ್ತೆ."

ಪರದೆಯ ಸಂದಿನಿಂದ ಜೀಪಿನ ಹಿಂಬದಿ ಕಾಣುತ್ತಿತ್ತು. ಹಿಂದಿನ ಸೀಟಿನ ಹೊಲಿಗೆಯಲ್ಲಿ ಒಂದು ಬೂದು ಗರಿ ಸಿಕ್ಕಿಕೊಂಡು ಗಾಳಿಗೆ ಅಲುಗುತ್ತಿತ್ತು. ಹೊರಟ ಮೇಲೆ ಇವರಿಗೆ ಹೇಳಬೇಕು, ಈ ಗಾಡಿ ನಮಗೆ ಬೇಡ, ಬೇರೆ ನೋಡೋಣ ಎಂದುಕೊಂಡೆ. ಅಂದುಕೊಂಡಾಗ ಸಮಾಧಾನವೂ ಆಯಿತು.

ಅಷ್ಟರಲ್ಲಿ ಅತ್ತೆ ನನ್ನ ಕಡೆ ತಿರುಗಿ ಮಾತಾಡತೊಡಗಿದರು. ನನ್ನದು ಕಾನ್ವೆಂಟಿನ ಶಿಸ್ತು. ಹಿರಿಯರು ಮಾತಾಡುವಾಗ ಕೈಯಲ್ಲಿ ಕಪ್ಪು ಹಿಡಿದಿರಬಾರದು, ಸದ್ದಾಗದಂತೆ ಕೆಳಗಿಡಬೇಕು, ಕೈಗಳನ್ನು ತೊಡೆಯ ಮೇಲೆ ಜೋಡಿಸಬೇಕು, ಅವರ ಮುಖವನ್ನೇ ನೋಡಬೇಕು. ನಮ್ಮ ಸಿಸ್ಟರ್ ಟೀ ಪಾರ್ಟಿಯ ಹೆಸರಿನಲ್ಲಿ ಬರೀ ನೀರಿನ ಕಪ್ಪು ಕೊಟ್ಟು ನಮಗೆ ಇದನ್ನು ಕಲಿಸಿದ್ದರು. ನಾನು ತುಂಬಿದ ಬಟ್ಟಲನ್ನು ಹಾಗೆಯೇ ಕಂಬಳಿಯ ಮೇಲಿಟ್ಟು, ಕೈ ಜೋಡಿಸಿ ಕೂತೆ.

ಅತ್ತೆಯ ಮಾತು ನಿಂತಿತು. ಅವರು ಬಟ್ಟಲನ್ನು ನೋಡಿದರು. ನನ್ನ ಕೈಗಳನ್ನು ನೋಡಿದರು. ಸೊಸೆಯೂ ಕಾಫಿಯ ಹೂಜಿ ಹಿಡಿದು ಹಾಗೇ ನಿಂತಳು.

ಅತ್ತೆ ಏನೋ ಕೇಳಿದರು. "ನಿಮಗೆ ಏನು ಬೇಕು ಅಂತ ಕೇಳ್ತಿದ್ದಾರೆ," ಎಂದಳು ಸೊಸೆ.

ಉಪಚಾರದ ಮಾತೆಂದುಕೊಂಡೆ. "ಏನೂ ಬೇಡ, ಏನೂ ಬೇಡ," ಎಂದು ನಕ್ಕೆ.

ಅತ್ತೆ ನಗಲಿಲ್ಲ. ಮತ್ತೆ ಅದನ್ನೇ ಕೇಳಿದರು. ನಾನು ಮತ್ತೆ ತಲೆ ತಗ್ಗಿಸಿ, ಬೇಡ ಎಂದು ಕೈಯಾಡಿಸಿದೆ. ಬಟ್ಟಲು ಇದ್ದಲ್ಲೇ ಇತ್ತು, ಅದರ ಮೇಲಿನ ಹಬೆ ಆರುತ್ತ ಬಂತು. ಅವರು ಕಿಟಕಿಯತ್ತ ತಿರುಗಿ ಬಹಳ ಹೊತ್ತು ಅಂಗಳ ನೋಡಿದರು. ಆಮೇಲೆ ಸೊಸೆಗೆ ಚಿಕ್ಕದಾಗಿ ಏನೋ ಹೇಳಿ, ಬಟ್ಟಲನ್ನು ತಾವೇ ಎತ್ತಿ ನನ್ನ ಕೈಗಿಟ್ಟರು. ಕುಡಿ ಎಂದು ಸನ್ನೆ ಮಾಡಿದರು. ಆರಿದ ಕಹಿಯನ್ನು ನಾನು ಒಂದೇ ಗುಟುಕಿಗೆ ಕುಡಿದೆ. ಸೊಸೆ ನನ್ನ ಮುಖ ನೋಡದೆ ಗಂಡಸರ ಕೋಣೆಯ ಕಡೆ ಹೋದಳು.

ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ನನ್ನ ಗಂಡನ ದನಿ ಕೇಳಿಸಿತು. ಖುಷಿಗೆ ಏರಿದ ದನಿ.

ಹೊರಗೆ ಬಂದಾಗ ಮುದುಕರು ಜೀಪಿನ ಬಾಗಿಲ ಬಳಿ ನಿಂತು, ಎರಡನೇ ಗೇರುಕೋಲನ್ನು ಹೇಗೆ ಮೊದಲು ಸ್ವಲ್ಪ ತನ್ನತ್ತ ಎಳೆದು ಆಮೇಲೆ ತಳ್ಳಬೇಕೆಂದು ಇವರ ಕೈ ಹಿಡಿದು ತೋರಿಸುತ್ತಿದ್ದರು. ಮರಳಿಗೆ ಇಳಿಯುವ ಮೊದಲು ಟಯರಿನ ಗಾಳಿ ಎಷ್ಟು ಬಿಡಬೇಕೆಂಬುದನ್ನು ಟಯರನ್ನು ಹೆಬ್ಬೆರಳಿನಿಂದ ಒತ್ತಿ ಹೇಳಿದರು. "ಹಕ್ಕಿ ಬಂದಾಗ ನನ್ನನ್ನೂ ಕರೆದುಕೊಂಡು ಹೋಗು," ಎಂದರಂತೆ. "ಇನ್ಶಾ ಅಲ್ಲಾ" ಎಂದು ಇವರು ಮಾತು ಕೊಟ್ಟರು. ಮುದುಕಿ ಹೊರಗೆ ಬರಲಿಲ್ಲ. ಸೊಸೆಯ ಕೈಯಲ್ಲಿ ಒಂದು ಚೀಲ ಖರ್ಜೂರ ಕಳಿಸಿದ್ದರು.

ಆಗ ನಾನು ಹೇಳಬಹುದಿತ್ತು. ಇವರನ್ನು ಪಕ್ಕಕ್ಕೆ ಕರೆದು, ಬೇಡ ರೀ, ಇದು ಬೇಡ ಎನ್ನಬಹುದಿತ್ತು. ಆದರೆ ಅವರ ಮುಖ ನಾನು ಮದುವೆಯಾದ ಹೊಸತರಲ್ಲಿ ನೋಡಿದ ಮುಖವಾಗಿತ್ತು. ನಾನು ಖರ್ಜೂರದ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಜೀಪು ಹತ್ತಿದೆ. ಕಂಪನಿಯ ಕಾರನ್ನು ಮರುದಿನ ತರಿಸಿಕೊಂಡರಾಯಿತು ಎಂದು ಇವರು ಅಲ್ಲೇ ಬಿಟ್ಟಿದ್ದರು.

ದಾರಿಯಲ್ಲಿ ಅವರ ಮಾತು ನಿಲ್ಲಲಿಲ್ಲ. "ಮೊದಲು ಅಮ್ಮ ಒಪ್ಪೋದಿಲ್ಲ ಅಂತಿದ್ದರು, ಗೊತ್ತಾ. ಒಳಗಿಂದ ಸುದ್ದಿ ಬಂತು, ಕೊಡಿ ಅಂತ. ಮಕ್ಕಳೇ ಬಾಯಿ ಬಿಟ್ಟು ನೋಡಿದರು. ಏನು ಮಂತ್ರ ಹಾಕಿದೆ ನೀನು?"

"ನಾನೇನೂ ಹೇಳಲಿಲ್ಲ."

"ಕಾನ್ವೆಂಟ್ ಹುಡುಗಿ ಸುಮ್ನೆ ಕೂತ್ರೂ ಕೆಲಸ ಆಗ್ತದೆ ನೋಡು!"

ಚಾಲಕನ ಸೀಟಿನಲ್ಲಿ ಒಂದು ಗುಂಡಿ ಬಿದ್ದಿತ್ತು, ಎಷ್ಟೋ ಸಂಜೆ ಯಾರೋ ಕೂತೂ ಕೂತೂ ಆದ ಗುಂಡಿ. ಇವರು ಅದರಲ್ಲಿ ಸರಿಯಾಗಿ ಕೂರುತ್ತಿರಲಿಲ್ಲ, ಒಂದು ಮಗ್ಗುಲಿಗೆ ವಾಲುತ್ತಿದ್ದರು. "ಈ ಸ್ಪಂಜು ಒಂದು ಬದಲಿಸಿಬಿಟ್ರೆ ಎಲ್ಲ ಹೊಸತು," ಎಂದರು. ಜೀಪು ಇಲ್ಲದ ಅಂಗಳಕ್ಕೆ ಮುದುಕರು ನಾಳೆ ಸಂಜೆ ಬಂದು, ಕೈ ಚಾಚಿ, ಬಾನೆಟ್ಟು ಸಿಗದೆ ನಿಲ್ಲುವುದು ನನ್ನ ಕಣ್ಣಿಗೆ ಕಟ್ಟಿತು. ಮುದುಕಿ ಯಾಕೆ ಕೊಟ್ಟರು? ನನ್ನ ಬಳೆಗಳನ್ನು ಕಂಡು ದೂರ ಮದುವೆ ಮಾಡಿಕೊಟ್ಟ ಮಗಳು ಯಾರಾದರೂ ನೆನಪಾದಳೇ? ಮಕ್ಕಳ ಕಾಟ ಸಾಕಾಯಿತೇ? ಏನೇನೋ ಕಾರಣ ಹುಡುಕಿದೆ. ಯಾವುದಾದರೂ ಒಂದು ಒಪ್ಪಿಗೆಯಾದರೆ ಸಾಕಿತ್ತು.

ಹೊತ್ತು ಮುಳುಗಿ ಮಗ್ರಿಬ್ ಬಾಂಗು ಮುಗಿದ ಹೊತ್ತಿಗೆ ಮನೆ ಮುಟ್ಟಿದೆವು. ಕೆಳಗಿನ ಮನೆಯಾತ ನಮ್ಮ ಮಗಳನ್ನು ಎತ್ತಿಕೊಂಡೇ ಹೊರಗೆ ಬಂದ. ಅವಳನ್ನು ನನ್ನ ಕೈಗೆ ಕೊಟ್ಟು ಜೀಪಿನ ಸುತ್ತ ಒಂದು ಸುತ್ತು ಹಾಕಿದ, ಬಗ್ಗಿ ಹೊಟ್ಟೆ ನೋಡಿದ.

"ಇದು ಆ ಕುರುಡಜ್ಜನ ಗಾಡಿ ಅಲ್ವಾ ಮಾರಾಯ್ರೆ? ಅವರ ಮಕ್ಳು ನಮ್ಮ ಅಂಗಡಿಗೆ ಬಂದಾಗೆಲ್ಲ ಅದೇ ಗೋಳು, ಅಮ್ಮ ಬಿಡುದಿಲ್ಲ ಅಂತ. ನಿಮಗೆ ಹ್ಯಾಗೆ ಕೊಟ್ರು?"

"ನನ್ನದೇನಿಲ್ಲ. ಇವಳು ಒಳಗೆ ಹೋಗಿ ಅಜ್ಜಿ ಜೊತೆ ಕೂತು ಬಂದಳು, ಅಷ್ಟೇ," ಎಂದರು ಇವರು ಹೆಮ್ಮೆಯಿಂದ.

ಆತ ಟಯರಿಗೊಂದು ಒದೆ ಕೊಟ್ಟು ನನ್ನತ್ತ ನೋಡಿ ನಕ್ಕ.

"ಎಂತ ಅಕ್ಕ, ಅಲ್ಲಿ ಕಾಫಿ ಕುಡಿಯದೆ ಕಪ್ಪು ಕೆಳಗೆ ಇಟ್ಟು ಕೂತ್ರಾ ಹ್ಯಾಗೆ? ಈ ಹಳೇ ಬದೂಗಳ ಮನೆಯಲ್ಲಿ ಹಾಗೆ ಕೂತವರಿಗೆ ಇಲ್ಲ ಅನ್ಲಿಕ್ಕೆ ಇಲ್ಲ ಮಾರಾಯ್ರೆ, ಬಂದದ್ದು ಯಾವುದಕ್ಕೋ ಅದನ್ನು ಕೊಟ್ಟೇ ಕುಡಿಸ್ಬೇಕು."